ಜೆರಾಕ್ಸ್ ಅಂಗಡಿಗೆ ಹೋಗುವ ದಾರಿಯಲ್ಲಿ

ಬೆಂಗಳೂರಿನಲ್ಲಿ ಮನೆಪತ್ರಗಳೆಲ್ಲ ಒಂದೇ ಜಾಗದಲ್ಲಿ ಕಳೆದುಹೋಗುತ್ತವೆ. ಮನೆಯಿಂದ ಜೆರಾಕ್ಸ್ ಅಂಗಡಿಗೆ ಹೋಗುವ ದಾರಿಯಲ್ಲಿ. ನಂಬಿಕೆ ಬರದಿದ್ದರೆ ದಿನಪತ್ರಿಕೆಯ ಒಳಪುಟದಲ್ಲಿ ಬರುವ ಸಾರ್ವಜನಿಕ ಪ್ರಕಟಣೆಗಳನ್ನು ಓದಿ ನೋಡಿ. ನಮ್ಮ ಕಕ್ಷಿದಾರರು ಇಂಥ ದಿನ ತಮ್ಮ ಸ್ವತ್ತಿನ ಮೂಲ ಪತ್ರವನ್ನು ಜೆರಾಕ್ಸ್ ಮಾಡಿಸಲು ಹೋಗುವಾಗ ಮಾರ್ಗಮಧ್ಯೆ ಕಳೆದುಕೊಂಡಿರುತ್ತಾರೆ, ಸಿಕ್ಕವರು ಈ ವಿಳಾಸಕ್ಕೆ ತಲುಪಿಸುವುದು. ಒಬ್ಬರ ಕತೆಯಲ್ಲ, ಎಷ್ಟೋ ಜನರದ್ದು ಇದೇ. ಬೆಳಗಿನ ಕಾಫಿ ಜೊತೆ ಇವನ್ನು ಓದಿ ನಗುವುದು ನನಗೆ ಹಳೇ ಅಭ್ಯಾಸ. ಇಷ್ಟು ಜನ ಇಷ್ಟು ಬೆಲೆಬಾಳುವ ಕಾಗದವನ್ನು ದಾರಿಯಲ್ಲಿ ಬೀಳಿಸಿಕೊಂಡು ಹೋಗುತ್ತಾರೆ ಅಂದರೆ ಈ ಊರಿನ ಫುಟ್‌ಪಾತ್ ಮೇಲೆ ಎಷ್ಟು ಕೋಟಿ ಆಸ್ತಿ ಬಿದ್ದಿರಬೇಕು ಅಂತ ಹೆಂಡತಿಗೆ ಹೇಳುತ್ತಿದ್ದೆ. ಕಳೆದ ವರ್ಷ ಅದೇ ಪುಟದಲ್ಲಿ ನನ್ನ ಹೆಸರು ಬಂತು. ಎರಡು ಸಲ ಬಂತು. ಯಾಕೆ ಎರಡು ಸಲ ಅನ್ನೋದನ್ನ ಆಮೇಲೆ ಹೇಳುತ್ತೇನೆ.

ಲೀಸ್ ಅಂದರೆ ಯಾವ ಲೀಸ್?

ಲೀಸ್ ಪತ್ರ ಕಳೆದಿದೆ ಅಂದ ಕೂಡಲೇ ಕೆಳಗಿನ ಮನೆಯ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಲಕ್ಷಕ್ಕೆ ಕೊಟ್ಟಿದ್ರಿ?" ಅವರದ್ದು ತಪ್ಪಲ್ಲ. ನಮ್ಮೂರಲ್ಲಿ ಲೀಸ್ ಅಂದರೆ ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಗಂಟು ವಾಪಸ್ ಪಡೆಯುವುದು. ಗೇಟಿಗೆ ನೇತು ಹಾಕುವ ಬೋರ್ಡಿನ ಲೀಸು ಅದು. ನಾನು ಹೇಳುತ್ತಿರುವುದು ಬೇರೆ. ಸರ್ಕಾರಿ ಸಂಸ್ಥೆಗಳು ಸೈಟು, ಫ್ಲ್ಯಾಟು ಹಂಚುವಾಗ ಮಾಡಿಕೊಡುವ ಲೀಸ್ ಕಮ್ ಸೇಲ್ ಕರಾರು. ಪೂರ್ತಿ ದುಡ್ಡು ಕಟ್ಟಿರುತ್ತೀರಿ, ಮನೆಯೊಳಗೆ ಇರುತ್ತೀರಿ, ಆದರೆ ಮೊದಲ ಹತ್ತು ವರ್ಷ ಕಾಗದದ ಮೇಲೆ ನೀವು ಗುತ್ತಿಗೆದಾರ. ಮಾರುವ ಹಾಗಿಲ್ಲ. ಹತ್ತು ವರ್ಷ ಷರತ್ತು ಮುರಿಯದೆ ಇದ್ದರೆ ಅದೇ ಸಂಸ್ಥೆ ಶುದ್ಧ ಕ್ರಯಪತ್ರ ಮಾಡಿಕೊಡುತ್ತದೆ. ಹಂಚಿಕೆಯಾದ ಮಾರನೇ ದಿನವೇ ಮಾರಿ ಲಾಭ ಹೊಡೆಯುವವರನ್ನು ತಡೆಯಲು ಮಾಡಿದ ಉಪಾಯ ಇದು. ಉಪಾಯವೇನೋ ಒಳ್ಳೆಯದೇ. ಆದರೆ ಹತ್ತು ವರ್ಷ ಕಳೆದ ಮೇಲೆ ಹೋಗಿ ಕ್ರಯಪತ್ರ ಮಾಡಿಸಿಕೊಳ್ಳಬೇಕು ಅನ್ನುವ ನೆನಪು ಇರಬೇಕಲ್ಲ.

ನಮ್ಮದು ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೇ ಕಟ್ಟಡ. ಎರಡನೇ ಮಹಡಿಯ ಫ್ಲ್ಯಾಟು, 1991ರಲ್ಲಿ ಹಂಚಿಕೆಯಾದದ್ದು. ಯಾವ ಸಂಸ್ಥೆ ಅಂತ ಹೇಳುವುದಿಲ್ಲ, ನನ್ನ ಫೈಲು ಇನ್ನೂ ಅಲ್ಲಿ ಓಡಾಡುತ್ತಿದೆ.

ನೋಂದಣಿ ದಿನ ಸಾಕ್ಷಿಗೆ ಒಬ್ಬರು ಬೇಕು ಅಂದಾಗ ಅಪ್ಪನೇ ಬರುತ್ತೇನೆ ಅಂದರು. ತಿಪಟೂರಿಂದ ಬೆಳಗಿನ ರೈಲು ಹತ್ತಿ ಸಿಟಿ ಸ್ಟೇಷನ್ನಿನಲ್ಲಿ ಇಳಿದರು. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ. ಸಬ್ ರಿಜಿಸ್ಟ್ರಾರ್ ಕಚೇರಿಯ ವರಾಂಡದಲ್ಲಿ ಆ ಚೀಲವನ್ನು ಕಾಲ ಮಧ್ಯೆ ಇಟ್ಟುಕೊಂಡು ಎರಡು ಗಂಟೆ ಕೂತಿದ್ದರು. ಕರಾರಿನ ಕಾಗದ ಕೈಗೆ ಕೊಟ್ಟರೆ ತುಟಿ ಅಲ್ಲಾಡಿಸುತ್ತ ಮೊದಲಿಂದ ಕೊನೆವರೆಗೆ ಓದಿದರು. ನಾನು ಓದಿರಲಿಲ್ಲ, ನಿಜ ಹೇಳುತ್ತೇನೆ. ಓದಿ ಮುಗಿಸಿ ಕನ್ನಡಕ ತೆಗೆದು, "ಅಲ್ಲ ಕಣ್ಲಾ, ದುಡ್ಡು ಪೂರಾ ಕಟ್ಟಿದ ಮೇಲೂ ನೀನು ಗುತ್ತಿಗೆದಾರನೇನ್ಲಾ?" ಅಂದರು. ಹತ್ತು ವರ್ಷ ಅಷ್ಟೇ ಅಪ್ಪ, ಆಮೇಲೆ ನಮ್ಮದೇ ಅಂದೆ. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಕಾರಣ ಇತ್ತು. ಅಪ್ಪ ಇನ್ನೊಬ್ಬರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಉಳುತ್ತಿದ್ದವರು. ಕಾಗದ ಇಲ್ಲ, ಪತ್ರ ಇಲ್ಲ, ಎಲ್ಲ ಬಾಯಿಮಾತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಉಳುವವನೇ ಒಡೆಯ ಅಂತ ಊರೂರಲ್ಲಿ ಕೂಗು ಎದ್ದಾಗ, ಅವರೂ ಫಾರಂ 7 ತುಂಬಿ ಭೂನ್ಯಾಯಮಂಡಳಿ ಮುಂದೆ ನಿಂತರು. ನೀನು ಉಳುತ್ತಿದ್ದೆ ಅನ್ನುವುದಕ್ಕೆ ಏನು ದಾಖಲೆ ಅಂತ ಕೇಳಿದರೆ ತೋರಿಸಲು ಇದ್ದದ್ದು ಪಹಣಿಯ ಒಂದು ಕಾಲಮ್ಮಿನಲ್ಲಿ ಯಾರೋ ಶಾನುಭೋಗರು ಬರೆದಿದ್ದ ಒಂದು ಹೆಸರು. ಆ ಹೆಸರು ಅಲ್ಲಿ ಇದ್ದದ್ದರಿಂದ ಎರಡು ಎಕರೆ ಉಳಿಯಿತು. ಪಕ್ಕದ ಹೊಲದವರ ಹೆಸರು ಇರಲಿಲ್ಲ. ಆಮೇಲೆ ಬಂದ ಫಾರಂ 10ನ್ನು, ಅಂದರೆ ಹೊಲ ನಿನ್ನದು ಅನ್ನುವ ಪತ್ರವನ್ನು, ಅಪ್ಪ ಹಳೇ ಮಲ್ಲು ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ತಗಡಿನ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ವರ್ಷಕ್ಕೊಂದು ಸಲ, ಯುಗಾದಿಗೆ ಮನೆ ಸುಣ್ಣ ಬಳಿಯುವಾಗ, ಅದಕ್ಕೆ ಬಿಸಿಲು ತೋರಿಸುವುದು. ಅಂಥವರ ಮಗ ನಾನು.

ಅವತ್ತು ಅವರು ಸಹಿ ಹಾಕಿದ್ದನ್ನು ನಾನು ಸರಿಯಾಗಿ ನೋಡಿದೆ. ಕಚೇರಿಯ ಪೆನ್ನು ಬೇಡ ಅಂತ ಜೇಬಿನಿಂದ ತಮ್ಮದೇ ಪೆನ್ನು ತೆಗೆದು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂರಿಸಿ, ಕೆಳಗೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕಿ ಇಟ್ಟರು. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ಅಪ್ಪ ತಲೆ ಎತ್ತಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಕಾಗದ ಜ್ವಾಪಾನ" ಅಂದರು. ಅಷ್ಟೇ.

ಬೀರುವಿನ ತಳ

ಕಾಗದ ಹದಿನೈದು ವರ್ಷ ಜೋಪಾನವಾಗಿಯೇ ಇತ್ತು, ಯಾಕೆಂದರೆ ಅದು ನನ್ನ ಹತ್ತಿರ ಇರಲಿಲ್ಲ. ಸಾಲ ಕೊಟ್ಟ ಬ್ಯಾಂಕಿನ ಹತ್ತಿರ ಇತ್ತು. 2001ಕ್ಕೆ ಹತ್ತು ವರ್ಷ ಮುಗಿಯಿತು, ಆಗ ಕ್ರಯಪತ್ರ ಮಾಡಿಸೋಣ ಅಂದರೆ ಮೂಲ ಪತ್ರ ಬ್ಯಾಂಕಿನಲ್ಲಿ. 2006ರಲ್ಲಿ ಸಾಲ ತೀರಿ ಪತ್ರ ಕೈಗೆ ಬಂದಾಗ ನನಗೆ ಪುರುಸೊತ್ತು ಇಲ್ಲ. ಮಗಳ ಸ್ಕೂಲು, ಅಪ್ಪನ ಆಸ್ಪತ್ರೆ, ಆಫೀಸು. ಮನೆಯಂತೂ ಎಲ್ಲಿಗೂ ಓಡಿ ಹೋಗಲ್ಲ ಅಲ್ವಾ ಅಂತ ಮುಂದಕ್ಕೆ ಹಾಕಿದೆ. ಹೀಗೆ ಮುಂದಕ್ಕೆ ಹಾಕಿದವರು ನಮ್ಮ ಕಟ್ಟಡದಲ್ಲೇ ನಾಲ್ಕು ಜನ ಇದ್ದಾರೆ, ಅದೊಂದೇ ಸಮಾಧಾನ.

2024ರ ಅಕ್ಟೋಬರಿನಿಂದ ಬೆಂಗಳೂರಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಅಂದಮೇಲೆ ಎಲ್ಲರ ಮನೆಯ ಬೀರುಗಳೂ ತೆರೆದವು. ನಮ್ಮದೂ ತೆರೆಯಿತು. ತೆರಿಗೆ ರಸೀದಿ ಇತ್ತು, ಖಾತಾ ಇತ್ತು, ಸ್ವಾಧೀನ ಪತ್ರ ಇತ್ತು, 1993ರ ಗ್ಯಾಸ್ ಕನೆಕ್ಷನ್ ಪುಸ್ತಕ ಕೂಡ ಇತ್ತು. ಲೀಸ್ ಪತ್ರ ಇರಲಿಲ್ಲ. ಮೂರು ದಿನ ಹುಡುಕಿದೆವು. ಅಟ್ಟದ ಮೇಲಿನ ಸೂಟ್‌ಕೇಸು, ದೇವರ ಮನೆಯ ಗೂಡು, ಮಗಳ ಹಳೇ ಡ್ರಾಯಿಂಗ್ ಪುಸ್ತಕಗಳ ಮಧ್ಯೆ. ಮೂರನೇ ರಾತ್ರಿ ಹೆಂಡತಿ ಮಂಚದ ಮೇಲೆ ಕೂತು, "ರೀ, 2015ರಲ್ಲಿ ಪೇಂಟ್ ಮಾಡಿಸಿದಾಗ ಬೀರು ಖಾಲಿ ಮಾಡಿದ್ವಲ್ಲ, ಆಗ ಹಳೇ ಪೇಪರ್ ಜೊತೆ ಹೋಯ್ತಾ?" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ವಾರ ಹಳೇ ಪೇಪರಿನವನಿಗೆ ಎರಡು ಗೋಣಿ ಹಾಕಿದ್ದು ನನಗೂ ನೆನಪಿತ್ತು.

ಮೊದಲು ಬ್ಯಾಂಕಿನ ಮೇಲೆ ಹಾಕಲು ನೋಡಿದೆ, ಒಪ್ಪಿಕೊಳ್ಳುತ್ತೇನೆ. ಈಗ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2023ರ ಡಿಸೆಂಬರ್ 1ರಿಂದ ಈಚೆಗೆ ಪತ್ರ ವಾಪಸ್ ಕೊಡಬೇಕಾದ ಸಾಲಗಳಿಗೆ, ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ. ಬ್ಯಾಂಕೇ ಕಳೆದಿದ್ದರೆ ನಕಲು ತೆಗೆಸುವ ಖರ್ಚೂ ಅವರದ್ದೇ, ಅದಕ್ಕೆ ಇನ್ನೂ 30 ದಿನ ಸಮಯ. ನನ್ನ ಸಾಲ 2006ರದ್ದು, ಅನ್ವಯ ಆಗಲ್ಲ. ಆದರೂ ಶಾಖೆಗೆ ಹೋಗಿ ಕೇಳಿದೆ. ಅವರು ಹಳೇ ರಿಜಿಸ್ಟರ್ ತೆಗೆದು ತೋರಿಸಿದರು. 'ಎಲ್ಲ ಮೂಲ ದಾಖಲೆ ಪಡೆದುಕೊಂಡಿದ್ದೇನೆ.' ಕೆಳಗೆ ನನ್ನ ಸಹಿ. ಅಲ್ಲಿಗೆ ಮುಗಿಯಿತು.

ಉಳಿದಿದ್ದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮೊದಲ ಹಾಳೆಯ ಹಳೇ ಜೆರಾಕ್ಸ್. ವರ್ಷಗಟ್ಟಲೆ ಒತ್ತಿಕೊಂಡಿದ್ದು ಅಕ್ಷರಗಳೆಲ್ಲ ಹಾಳೆ ಬಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿದ್ದವು. ಹಾಳೆ ಬಿಳಿ, ಕವರಿನ ಮೇಲೆ ತಿರುಗುಮುರುಗು ಅಕ್ಷರ. ಮಗಳು ಅದನ್ನು ಬಚ್ಚಲುಮನೆಯ ಕನ್ನಡಿಗೆ ಹಿಡಿದು, ಮೊಬೈಲ್ ಟಾರ್ಚ್ ಬಿಟ್ಟು, ನೋಂದಣಿ ಸಂಖ್ಯೆ ಓದಿದಳು. ಮುಂದೆ ನಡೆದ ಕೆಲಸವೆಲ್ಲ ಆ ಒಂದು ಸಂಖ್ಯೆಯ ಮೇಲೆ ನಡೆದದ್ದು. ನಿಮ್ಮ ಮನೆಯ ಪತ್ರ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಇವತ್ತೇ ತೆಗೆದು ಬಟ್ಟೆಯಲ್ಲೋ ಕಾಗದದ ಲಕೋಟೆಯಲ್ಲೋ ಇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಜೆರಾಕ್ಸ್ ಹಾಕ್ಲಾ, ಆಟೊ ಹಾಕ್ಲಾ?

ಹಂಚಿಕೆ ಮಾಡಿದ ಕಚೇರಿಗೆ ಹೋಗಿ ಕ್ರಯಪತ್ರಕ್ಕೆ ಅರ್ಜಿ ಹಾಕಬೇಕು ಅಂದೆ. ಲೀಸ್ ಕರಾರಿನ ಮೂಲ ಪ್ರತಿ ತನ್ನಿ ಅಂದರು. ಕಳೆದಿದೆ ಅಂದೆ. ಮೇಜಿನ ಆಚೆ ಇದ್ದವರು ನನ್ನ ಮುಖ ನೋಡಿದರು, ಮಕ್ಕಳ ಹೋಂವರ್ಕ್ ನಾಯಿ ತಿಂದಿದೆ ಅಂದಾಗ ಟೀಚರ್ ನೋಡುವ ಹಾಗೆ.

"ಈ ಕರಾರು ಮಾಡಿಕೊಟ್ಟವರು ನೀವೇ ಅಲ್ವಾ? ನಿಮ್ಮ ಹತ್ರ ಒಂದು ಪ್ರತಿ ಇರಬೇಕಲ್ಲ?"

"ಇರುತ್ತೆ ಸಾರ್. ಆದ್ರೆ ಅದು ನಮ್ದು."

ಈ ಮಾತಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಅದನ್ನು ಯೋಚಿಸುತ್ತ ಬಸ್ಸಲ್ಲಿ ಮನೆಗೆ ಬರುವಷ್ಟರಲ್ಲಿ ಅವರು ಹೇಳಿದ್ದರಲ್ಲಿ ಏನೋ ಇದೆ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ. ಅವರು ಒಂದು ಚೀಟಿಯಲ್ಲಿ ಬೇಕಾದ್ದನ್ನೆಲ್ಲ ಬರೆದುಕೊಟ್ಟರು: ಪೊಲೀಸರ ಹತ್ತಿರ ಕಳೆದುಹೋದ ಬಗ್ಗೆ ವರದಿ, ಪತ್ರಿಕೆಯಲ್ಲಿ ಪ್ರಕಟಣೆ, ಅಫಿಡವಿಟ್, ಇಂಡೆಮ್ನಿಟಿ ಬಾಂಡ್, ಇಸಿ (ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು.

ಪೊಲೀಸ್ ವರದಿ ಈಗ ಸುಲಭ. ಠಾಣೆಯ ಬೆಂಚಿನ ಮೇಲೆ ಕೂರುವ ಕಾಲ ಹೋಯಿತು, ಇ-ಲಾಸ್ಟ್ ಅಂತ ಮೊಬೈಲಿನಲ್ಲೇ ಹಾಕಬಹುದು. ತೊಂದರೆ ಆದದ್ದು ಎಲ್ಲಿ ಕಳೆಯಿತು ಅನ್ನುವಲ್ಲಿ. ಎಲ್ಲಿ ಅಂತ ಗೊತ್ತಿದ್ದರೆ ಅದು ಕಳೆದದ್ದು ಹೇಗಾಗುತ್ತೆ? ನಮ್ಮ ಮನೆಯ ವಿಳಾಸವನ್ನೇ ಬರೆದೆ.

ಅಫಿಡವಿಟ್ಟಿಗೆ ಕೆ.ಜಿ. ರಸ್ತೆ ಕಡೆ ಹೋದೆ. ಕೋರ್ಟು ಕಚೇರಿಗಳ ಸುತ್ತ ಒಂದು ಕೊಡೆ, ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಕೂರುವವರು ಇದ್ದಾರಲ್ಲ, ಅವರಲ್ಲಿ ಒಬ್ಬರ ಮುಂದೆ ಸ್ಟೂಲಿನ ಮೇಲೆ ಕೂತೆ. ವಿಷಯ ಹೇಳಿದೆ. ಅವರು ನನ್ನ ಕಡೆ ನೋಡದೆ ಒಂದು ಫೈಲು ತೆರೆದು, "ಜೆರಾಕ್ಸ್ ಹಾಕ್ಲಾ ಸಾರ್, ಆಟೊ ಹಾಕ್ಲಾ?" ಅಂದರು. ಅರ್ಥವಾಗಲಿಲ್ಲ. ಜೆರಾಕ್ಸ್ ಮಾಡಿಸಲು ಹೋಗುವಾಗ ಬಿದ್ದುಹೋಯಿತು ಅಂತ ಒಂದು ನಮೂನೆ, ಆಟೊದಲ್ಲಿ ಬಿಟ್ಟು ಇಳಿದೆ ಅಂತ ಇನ್ನೊಂದು ನಮೂನೆ. ಎರಡೂ ಅವರ ಕಂಪ್ಯೂಟರಲ್ಲಿ ತಯಾರಿದ್ದವು. ಹೆಸರು, ದಿನಾಂಕ ಬದಲಿಸಿದರೆ ಮುಗಿಯಿತು. ಇಷ್ಟು ವರ್ಷ ನಾನು ನಕ್ಕ ಕತೆ ಹುಟ್ಟುತ್ತಿದ್ದದ್ದು ಆ ಕೊಡೆಯ ಕೆಳಗೆ.

"ಎರಡೂ ಬೇಡ. ಮನೆಯಲ್ಲಿ ಪೇಂಟ್ ಮಾಡಿಸುವಾಗ ಹೋಗಿದೆ, ಹಾಗೇ ಹಾಕಿ" ಅಂದೆ.

ಅವರು ಮೊದಲ ಸಲ ನನ್ನ ಮುಖ ನೋಡಿದರು. "ಸಾರ್, ಮನೇಲಿ ಅಂದ್ರೆ ಹೋಗಿ ಹುಡುಕಿ ಅಂತಾರೆ. ದಾರೀಲಿ ಅಂದ್ರೆ ಯಾರೂ ಹುಡುಕಿ ಅನ್ನಲ್ಲ."

ಅನುಭವದ ಮಾತು. ಆದರೂ ಪ್ರಮಾಣ ಮಾಡಿ ಹೇಳುತ್ತೇನೆ ಅಂತ ಬರೆದು ಕೆಳಗೆ ಸುಳ್ಳಿಗೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ. ಸತ್ಯಹರಿಶ್ಚಂದ್ರ ಅಲ್ಲ ನಾನು, ಹೆದರಿಕೆ ಅಷ್ಟೇ. ಗೊಣಗಿಕೊಂಡು ನನ್ನ ನಿಜವನ್ನೇ ಟೈಪ್ ಮಾಡಿಕೊಟ್ಟರು. ಹೊಸದಾಗಿ ಟೈಪ್ ಮಾಡಿದ್ದಕ್ಕೆ ಐವತ್ತು ರೂಪಾಯಿ ಜಾಸ್ತಿ ತಗೊಂಡರು. ನಿಜಕ್ಕೆ ಖರ್ಚು ಜಾಸ್ತಿ.

ಇನ್ನೂ ಜಾಸ್ತಿ ಇದೆ ಅಂತ ಒಂದು ತಿಂಗಳ ಮೇಲೆ ಗೊತ್ತಾಯಿತು. ಪತ್ರಿಕೆಯ ಪ್ರಕಟಣೆಯನ್ನು ವಕೀಲನಾಗಿರುವ ನನ್ನ ಅಕ್ಕನ ಮಗನಿಗೆ ಒಪ್ಪಿಸಿದ್ದೆ. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ. ಅವನ ಆಫೀಸಿನ ಹುಡುಗ ಅಭ್ಯಾಸಬಲದಿಂದ ಹಳೇ ನಮೂನೆಯನ್ನೇ ಕಳಿಸಿಬಿಟ್ಟಿದ್ದ. ಬೆಳಿಗ್ಗೆ ಪೇಪರ್ ತೆರೆದರೆ ನಾನು ಜೆರಾಕ್ಸ್ ಅಂಗಡಿಗೆ ಹೋಗುವ ದಾರಿಯಲ್ಲಿದ್ದೇನೆ! ಅಫಿಡವಿಟ್ಟಿನಲ್ಲಿ ಪೇಂಟು, ಪೇಪರಿನಲ್ಲಿ ಜೆರಾಕ್ಸು. ಕಚೇರಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಮತ್ತೆ ಪ್ರಕಟಣೆ, ಮತ್ತೆ ದುಡ್ಡು, ಮತ್ತೆ ಆಕ್ಷೇಪಣೆಗೆ ಹದಿನೈದು ದಿನ. ಜೆರಾಕ್ಸ್ ಅಂತಲೇ ಟೈಪ್ ಮಾಡಿಸಿದ್ದರೆ ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು ಮಾವ ಅಂದ ಅಕ್ಕನ ಮಗ. ವಕೀಲರ ಮಾತು.

ಆ ಪ್ರಕಟಣೆಗೆ ಆಕ್ಷೇಪಣೆ ಯಾವುದೂ ಬರಲಿಲ್ಲ. ಆದರೆ ಫೋನ್ ಬಂದವು. ಮೂವರು ಬ್ರೋಕರುಗಳು ಮನೆ ಕೊಡುತ್ತೀರಾ ಅಂತ ಕೇಳಿದರು. ತಿಪಟೂರಿಂದ ಅತ್ತಿಗೆ ಬೆಳಿಗ್ಗೆ ಏಳಕ್ಕೇ ಮಾಡಿದರು. "ಏನಪ್ಪ, ಮನೆ ಮಾರ್ತಾ ಇದ್ದೀಯಾ? ಒಂದು ಮಾತು ಹೇಳಬಾರದಾ?" ಇಲ್ಲ ಅತ್ತಿಗೆ, ಪತ್ರ ಕಳೆದಿದೆ ಅಂತ ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾವನ ಸಹಿ ಇತ್ತಲ್ಲಪ್ಪ ಅದರಲ್ಲಿ? ಬೆಂಗಳೂರಿಗೆ ಹೋಗೋ ಹಿಂದಿನ ರಾತ್ರಿ ಕ್ಯಾಲೆಂಡರ್ ಹಾಳೆ ಹಿಂದೆ ಎಷ್ಟು ಸಲ ಬರೆದು ನೋಡ್ಕೊಂಡ್ರು ಗೊತ್ತಾ" ಅಂದರು. ನನಗೆ ಗೊತ್ತಿರಲಿಲ್ಲ.

ಇಲ್ಲದ್ದನ್ನು ತೋರಿಸುವುದು

ಈಗ ಆ 'ಅದು ನಮ್ದು' ಮಾತಿಗೆ ಬರುತ್ತೇನೆ. ಪತ್ರ ಕಳೆದರೆ ಮನೆ ಹೋಗುತ್ತಾ? ಇಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾದ ಪ್ರತಿ ಪತ್ರವೂ ಕಚೇರಿಯ ಪುಸ್ತಕದಲ್ಲಿ ಸೇರುತ್ತದೆ. ಜಮೀನು, ಮನೆಗೆ ಸಂಬಂಧಿಸಿದ್ದೆಲ್ಲ 1ನೇ ಪುಸ್ತಕ. ಉಯಿಲುಗಳು 3ನೇ ಪುಸ್ತಕ. ಉಯಿಲನ್ನು ಬರೆದವರು ಬದುಕಿರುವವರೆಗೆ ಬೇರೆಯವರಿಗೆ ತೋರಿಸುವುದಿಲ್ಲ. ಆದರೆ 1ನೇ ಪುಸ್ತಕ ಊರಿಗೆಲ್ಲ ತೆರೆದದ್ದು, ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಕೇಳಬಹುದು. ಅಂದರೆ ನನ್ನ ಲೀಸ್ ಪತ್ರದ ನಕಲನ್ನು ಕೆಳಗಿನ ಮನೆ ಮೇಷ್ಟ್ರು ಕೂಡ ತೆಗೆಸಬಹುದು! ಆ ನಕಲಿನ ಮೇಲೆ ನೋಂದಣಾಧಿಕಾರಿಯ ಸಹಿ, ಮೊಹರು ಇದ್ದರೆ ಮೂಲದಲ್ಲಿ ಏನಿತ್ತು ಅನ್ನುವುದಕ್ಕೆ ಕೋರ್ಟಿನಲ್ಲೂ ನಡೆಯುತ್ತದೆ. ಮೂಲ ಕಳೆದಿದ್ದರೆ ನಕಲನ್ನು ಸಾಕ್ಷ್ಯವಾಗಿ ಕೊಡಬಹುದು ಅಂತ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಸಾಕ್ಷ್ಯ ಅಧಿನಿಯಮದಲ್ಲೂ ಇದೆ ಅಂದ ಅಕ್ಕನ ಮಗ.

ಹಾಗಿದ್ದ ಮೇಲೆ ಈ ಪೊಲೀಸು, ಪೇಪರು, ಬಾಂಡು ಯಾಕೆ? ಒಂದು ವಾರ ತಲೆ ಕೊರೆಯಿತು. ಕೊನೆಗೆ ಅರ್ಥವಾದದ್ದು ಇದು. ಅವರ ಅನುಮಾನ ನಾನು ಮನೆಯ ಮಾಲೀಕನೋ ಅಲ್ಲವೋ ಅಂತಲ್ಲ. ಆ ಮೂಲ ಕಾಗದ ಈಗ ಯಾರ ಕಪಾಟಿನಲ್ಲಿದೆ ಅಂತ. ನಮ್ಮಲ್ಲಿ ಮನೆಪತ್ರವನ್ನು ಸಾಲ ಕೊಟ್ಟವನ ಕೈಗೆ ಇಟ್ಟರೆ ಸಾಕು, ಅದೇ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಇದನ್ನು ಒಪ್ಪುತ್ತದೆ. ನಾನೇ ಹದಿನೈದು ವರ್ಷ ಬ್ಯಾಂಕಿನಲ್ಲಿ ಇಟ್ಟದ್ದು ಹಾಗೆ. ಬ್ಯಾಂಕುಗಳು ಹೀಗೆ ಇಟ್ಟುಕೊಂಡದ್ದನ್ನು ದಾಖಲಿಸಲು 2011ರಿಂದ ಸರ್ಸಾಯ್ ಅನ್ನುವ ಕೇಂದ್ರ ನೋಂದಣಿ ಇದೆ, ಶುಲ್ಕ ಕಟ್ಟಿ ಹುಡುಕಬಹುದು. ಆದರೆ ಕೈಸಾಲ ಕೊಡುವ ಫೈನಾನ್ಸಿನವರೋ, ಪರಿಚಯದ ಶೇಟುವೋ ಸುಮ್ನೆ ಪತ್ರ ಇಟ್ಟುಕೊಂಡು ದುಡ್ಡು ಕೊಟ್ಟಿದ್ದರೆ ಅದು ಇಸಿಯಲ್ಲೂ ಕಾಣದೆ ಇರಬಹುದು. ಹಾಗಾಗಿ ಪತ್ರ ಕಳೆದಿದೆ ಅನ್ನುವವನು ನಿಜವಾಗಿ ಕಳೆದವನೂ ಆಗಿರಬಹುದು, ಎಲ್ಲೋ ಅಡ ಇಟ್ಟು ಬಂದು ಈಗ ಇನ್ನೊಂದು ಪ್ರತಿ ಕೇಳುತ್ತಿರುವವನೂ ಆಗಿರಬಹುದು. ಮೇಜಿನ ಆಚೆ ಕೂತವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಅದಕ್ಕೇ ಅವರ ಪ್ರತಿಯಿಂದ ನನಗೆ ಉಪಯೋಗವಿಲ್ಲ. ಅವರ ಪ್ರತಿ ಕರಾರು ಆಗಿದೆ ಅಂತ ಹೇಳುತ್ತದೆ. ನನ್ನ ಪ್ರತಿ ನನ್ನ ಕೈಯಲ್ಲೇ ಇರುವುದು ಮಾತ್ರ, ನಾನು ಅದನ್ನು ಯಾರಿಗೂ ಕೊಟ್ಟಿಲ್ಲ ಅಂತ ಹೇಳುತ್ತಿತ್ತು. ಈಗ ಅದು ಇಲ್ಲ, ಆದ್ದರಿಂದ ನಾನು ಯಾರಿಗೂ ಕೊಟ್ಟಿಲ್ಲ ಅನ್ನುವುದನ್ನು ಬಾಯಲ್ಲಿ ಹೇಳಬೇಕು, ಪೊಲೀಸರಿಗೆ ಹೇಳಬೇಕು, ಪೇಪರಿನಲ್ಲಿ ಊರಿಗೆಲ್ಲ ಕೂಗಿ ಹೇಳಬೇಕು, ನಾಳೆ ಯಾರಾದರೂ ಮೂಲ ಹಿಡಿದು ಬಂದರೆ ನಷ್ಟ ನನ್ನದೇ ಅಂತ ಬಾಂಡು ಬರೆದು ಹೇಳಬೇಕು. ನನಗೆ ನಾನೇ ಜಾಮೀನು. ಅಪ್ಪನ ಕಾಲದಲ್ಲಿ ಉಳುತ್ತಿದ್ದೆ ಅಂತ ತೋರಿಸಬೇಕಿತ್ತು, ಅದಕ್ಕೆ ಹೊಲವಾದರೂ ಕಣ್ಣೆದುರು ಇತ್ತು. ನಾನು ತೋರಿಸಬೇಕಾದ್ದು ನಡೆಯದೇ ಇದ್ದದ್ದನ್ನು.

ಕೆಂಪು ರಟ್ಟಿನ ಪುಸ್ತಕ

2004ರ ಏಪ್ರಿಲ್ ಈಚೆಗಿನ ಇಸಿ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರ ಹಿಂದಿನದಕ್ಕೆ ಕಚೇರಿಯ ಮೆಟ್ಟಿಲು ಹತ್ತಬೇಕು. ಯಾವ ಕಚೇರಿ ಅನ್ನುವುದೇ ಮೊದಲ ಗೊಂದಲ. 1991ರಲ್ಲಿ ನಮ್ಮ ಏರಿಯಾ ಸೇರಿದ್ದ ಕಚೇರಿ ಬೇರೆ, ಈಗಿನದು ಬೇರೆ, ಮಧ್ಯದಲ್ಲಿ ಇನ್ನೊಂದು ಹುಟ್ಟಿ ಬೇರೆ ಕಟ್ಟಡಕ್ಕೆ ಹೋಗಿದೆ. ಪುಸ್ತಕಗಳು ಮಾತ್ರ ಹಳೇ ಕಚೇರಿಯಲ್ಲೇ ಉಳಿದಿದ್ದವು. ಅದು ಗೊತ್ತಾಗಲು ಮೂರು ಬುಧವಾರ ಹೋದವು. ಅರ್ಜಿ ಬರೆದು, ಕನ್ನಡಿಯಲ್ಲಿ ಓದಿದ ಸಂಖ್ಯೆ ಹಾಕಿ, ಶುಲ್ಕ ಕಟ್ಟಿದೆ. ರಸೀದಿಯಲ್ಲಿದ್ದ ಮೊತ್ತ ಆವತ್ತು ಆಟೊಗೆ ಕೊಟ್ಟದ್ದಕ್ಕಿಂತ ಕಡಿಮೆ.

ಒಂದು ವಾರ ಬಿಟ್ಟು ಹೋದಾಗ ಪುಸ್ತಕ ಸಿಕ್ಕಿತ್ತು. ಕೆಂಪು ಬಟ್ಟೆಯ ರಟ್ಟು, ಬೆನ್ನು ಕಿತ್ತು ಬಂದಿತ್ತು, ಮೂಲೆಯನ್ನು ಗೆದ್ದಲು ಸ್ವಲ್ಪ ರುಚಿ ನೋಡಿತ್ತು. ಅಲ್ಲಿದ್ದ ಹೆಣ್ಣುಮಗಳು, ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಕರ್ಚೀಫಿನಿಂದ ಧೂಳು ಒರೆಸಿ ಪುಟ ತೆರೆದು ನನ್ನ ಕಡೆ ತಿರುಗಿಸಿದಳು. "ಇದೇನಾ ಸಾರ್, ನೋಡಿ."

ಇದೇ. ಆದರೆ ನನಗೆ ಗುರುತು ಸಿಗಲಿಲ್ಲ. ಟೈಪ್ ಮಾಡಿದ, ಸೀಲು ಸಹಿ ತುಂಬಿದ ಕಾಗದದ ಫೋಟೊ ಕಾಣುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಕೈಬರಹ. ಯಾವನೋ ಒಬ್ಬ ಗುಮಾಸ್ತ ಮೂಲವನ್ನು ಎದುರಿಗೆ ಇಟ್ಟುಕೊಂಡು ನೀಲಿ ಶಾಯಿಯಲ್ಲಿ, ಬಲಕ್ಕೆ ವಾಲಿದ ಅಕ್ಷರದಲ್ಲಿ, ಏಳು ಪುಟ ಇಳಿಸಿದ್ದ. ಷರತ್ತುಗಳು, ಚೆಕ್ಕುಬಂದಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇನ್ನೊಂದು ಬ್ಲಾಕು. ಎಲ್ಲೋ ಒಂದು ಪದ ಬಿಟ್ಟು, ಮೇಲೆ ಬಾಣದ ಗುರುತು ಹಾಕಿ ಸೇರಿಸಿದ್ದ. ಏಳು ಪುಟದಲ್ಲಿ ಒಂದೇ ತಪ್ಪು. ಯಾರೋ ಗೊತ್ತಿಲ್ಲದ ಮನುಷ್ಯ ನನ್ನ ಮನೆಯ ಬಗ್ಗೆ ಇಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದ, ನಾನು ಮೂವತ್ತು ವರ್ಷ ಅದನ್ನು ಓದಿಯೂ ಇರಲಿಲ್ಲ. ಆ ಕಚೇರಿಯ ಸ್ಟೂಲಿನ ಮೇಲೆ ಕೂತು ಮೊದಲಿಂದ ಕೊನೆವರೆಗೆ ಓದಿದೆ. ತುಟಿ ಅಲ್ಲಾಡುತ್ತಿತ್ತೋ ಏನೋ.

ಕೊನೆಯ ಪುಟದಲ್ಲಿ ಸಹಿಗಳು. ಸಹಿ ಅಂದರೆ, 'ಸಹಿ' ಅಂತ ಬರೆದು ಪಕ್ಕದಲ್ಲಿ ನನ್ನ ಹೆಸರು, ಗುಮಾಸ್ತನ ಅಕ್ಷರದಲ್ಲಿ. ಅದರ ಕೆಳಗೆ ಸಾಕ್ಷಿಗಳು. ಒಂದನೇ ಸಾಕ್ಷಿ, ಸಹಿ, ಅಪ್ಪನ ಹೆಸರು, ಊರು, ತಾಲ್ಲೂಕು. ಅದೇ ಬಲಕ್ಕೆ ವಾಲಿದ ನೀಲಿ ಅಕ್ಷರ. ಗೆರೆ ಇಲ್ಲ. ಎರಡು ಚುಕ್ಕಿ ಇಲ್ಲ. ಗುಮಾಸ್ತನ ಕೆಲಸ ಏನು ಬರೆದಿದೆ ಅನ್ನುವುದನ್ನು ಇಳಿಸುವುದು, ಹೇಗೆ ಬರೆದಿದೆ ಅನ್ನುವುದನ್ನಲ್ಲ. ಕಾನೂನಿಗೆ ಅಷ್ಟು ಸಾಕು, ಮನೆಗೂ ಸಾಕು.

"ಮೂಲದಲ್ಲಿ ಸಹಿ ಹೇಗಿತ್ತು ಅಂತ ಎಲ್ಲೂ ಇರಲ್ವಾಮ್ಮ?" ಅಂತ ಕೇಳಿದೆ.

"ನಿಮ್ ಹೆಬ್ಬೆಟ್ಟು ಬೇರೆ ರಿಜಿಸ್ಟರಲ್ಲಿ ಇರುತ್ತೆ ಸಾರ್. ಸಾಕ್ಷಿಗಳದ್ದು ಮೂಲದಲ್ಲೇ." ಸ್ವಲ್ಪ ತಡೆದು, "ಯಾಕೆ ಸಾರ್, ಸಹಿ ಬಗ್ಗೆ ಏನಾದ್ರೂ ತಕರಾರು ಇದ್ಯಾ?" ಅಂದಳು. ಇಲ್ಲಮ್ಮ, ಸುಮ್ನೆ ಕೇಳಿದೆ ಅಂದೆ.

ದೃಢೀಕೃತ ನಕಲು ಮುಂದಿನ ವಾರ ಕೈಗೆ ಬಂತು. ಪ್ರತಿ ಪುಟಕ್ಕೂ ಮೊಹರು, ಕೊನೆಯಲ್ಲಿ ಈಗಿನ ಅಧಿಕಾರಿಯ ಸಹಿ. ಅದನ್ನೂ ಉಳಿದ ಕಾಗದಗಳನ್ನೂ ಸೇರಿಸಿ ಹಂಚಿಕೆ ಕಚೇರಿಗೆ ಕೊಟ್ಟೆ. ಮೇಜಿನ ಆಚೆಯವರು ಎಣಿಸಿ, ಟ್ಯಾಗು ಹಾಕಿ, ಇನ್ನೇನೂ ಕೇಳದೆ ತಗೊಂಡರು. ಫೈಲು ಎರಡು ಮೇಜು ದಾಟಿದೆ ಅಂತ ಮೊನ್ನೆ ಗೊತ್ತಾಯಿತು. ಕ್ರಯಪತ್ರದ ನೋಂದಣಿಗೆ ಇಬ್ಬರು ಸಾಕ್ಷಿಗಳನ್ನು ಸಿದ್ಧ ಮಾಡಿಕೊಂಡಿರಿ ಅಂದಿದ್ದಾರೆ. ಅತ್ತಿಗೆಗೆ ಫೋನ್ ಮಾಡಿ, ಆ ಕ್ಯಾಲೆಂಡರ್ ಹಾಳೆ ಏನಾದರೂ ಟ್ರಂಕಿನಲ್ಲಿ ಇದೆಯಾ ಅಂತ ಕೇಳಿದೆ. ಫಾರಂ 10 ಇದೆ, ಪಂಚೆ ಕೂಡ ಹಾಗೇ ಇದೆ, ಹಾಳೆ ಒಲೆಗೆ ಹೋಗಿ ಎಷ್ಟು ಕಾಲ ಆಯ್ತಪ್ಪ ಅಂದರು.

ಒಬ್ಬರು ಸಾಕ್ಷಿ ಕೆಳಗಿನ ಮನೆ ಮೇಷ್ಟ್ರು. ಇನ್ನೊಬ್ಬಳು ಮಗಳು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೇಳಿದೆ.

"ಯಾವ ಸಹಿ ಹಾಕ್ಲಿ ಅಪ್ಪ? ಬ್ಯಾಂಕಿಂದಾ, ಪಾಸ್‌ಪೋರ್ಟಿಂದಾ?"

"ಓದೋಕೆ ಬರೋದು ಹಾಕು. ಇಳಿಸಿಕೊಳ್ಳೋರಿಗೆ ಸುಲಭ."

"ಈಗೆಲ್ಲ ಸ್ಕ್ಯಾನ್ ಮಾಡ್ತಾರೆ ಅಪ್ಪ. ಹೇಗೆ ಹಾಕಿದ್ರೂ ಹಾಗೇ ಇರುತ್ತೆ" ಅಂದು, ಕೈ ತೊಳೆಯಲು ಎದ್ದಳು.